ಓ ಅಕ್ಷರದ ಖಾಲಿ ಪುಟ

ಇದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಈ ಮಾತನ್ನು ಅವರು ನನಗೆ ಎರಡು ಸಲ ಹೇಳಿದ್ದಾರೆ. ಮೊದಲ ಸಲ, ಪಿಯುಸಿ ಮುಗಿಸಿ ಡಿಗ್ರಿಗೆ ಸೇರುತ್ತೇನೆ ಎಂದಾಗ. ಎರಡನೆಯ ಸಲ, ಹೋದ ವರ್ಷ, ಅಮೆರಿಕದ ಒಂದು ಐರಿಷ್ ಮನೆತನ ಕಳೆದುಕೊಂಡ ಮನುಷ್ಯನನ್ನು ನಮ್ಮ ದಂಡಿನಲ್ಲಿ, ಅಂದರೆ ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ, ಹುಡುಕುತ್ತೇನೆ ಎಂದಾಗ.

ಎರಡು ಸಲವೂ ಅವರ ಕೈಯಲ್ಲಿ ಸೂಜಿ ಇತ್ತು. ಮಾವ ಶಿವಾಜಿನಗರದ ಒಂದು ಗಲ್ಲಿಯಲ್ಲಿ ನಲವತ್ತು ವರ್ಷ ಬೈಂಡಿಂಗ್ ಮಾಡಿದವರು. ಶಾಲೆಗಳ ಹಾಜರಿ ಪುಸ್ತಕ, ಕಚೇರಿಯ ಫೈಲು, ಮಸೀದಿ ಚರ್ಚುಗಳ ಹಳೆಯ ರಿಜಿಸ್ಟರು, ಎಲ್ಲ ಅವರ ಕೈಯಲ್ಲಿ ಹೊಲಿಗೆ ಹಾಕಿಸಿಕೊಂಡು ಹೋಗಿವೆ. ನಾನು ಎರಡು ವರ್ಷದವಳಿದ್ದಾಗ ಅಪ್ಪ ತೀರಿಕೊಂಡರು. ಅಮ್ಮನೂ ನಾನೂ ಹಲಸೂರಿನ ಮಾವನ ಮನೆಗೆ ಬಂದೆವು. ಆ ಮನೆಯಲ್ಲಿ ಯಾವಾಗಲೂ ಮೈದಾ ಅಂಟಿನ ವಾಸನೆ. ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರಿಂದ ಮಾವನ ಬೆರಳುಗಳು ವರ್ಷವಿಡೀ ನೀಲಿ.

"ನಮ್ಮನೇಲಿ ಪುಸ್ತಕ ಹೊಲಿಯೋರು ಇದ್ದೀವಿ ಕಣಮ್ಮಾ, ಓದೋರಿಲ್ಲ. ಆಗೋ ಕೆಲಸ ಅಲ್ಲ ಅದು" ಎಂದಿದ್ದರು. ಕೋಪದಿಂದಲ್ಲ. ಇವತ್ತು ನಲ್ಲಿ ನೀರು ಬರಲ್ಲ ಎಂದು ಹೇಳುವ ಹಾಗೆ.

ಆಯಿತು. ಮೂರು ವರ್ಷದ ಡಿಗ್ರಿಗೆ ನನಗೆ ಏಳು ವರ್ಷ ಹಿಡಿಯಿತು. ಹಗಲು ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ನಿಂತು ಸೀರೆ ಬಿಚ್ಚಿ ಮಡಚುವುದು, ಸಂಜೆ ಕಾಲೇಜು. ಇಂಗ್ಲಿಷ್ ಪೇಪರು ಎರಡು ಸಲ ಹೋಯಿತು. ಮೂರನೆಯ ಸಲ ಬಂತು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲ ಹೆಣ್ಣು ನಾನು, ಮೊದಲ ಗಂಡೂ ನಾನೇ ಎಂದು ಅಮ್ಮ ಬೀದಿಯಲ್ಲಿ ಹೇಳಿಕೊಂಡು ಬಂದಳು. ಅದನ್ನು ಬರೆಯಲು ನನಗೆ ಸಂಕೋಚವಿಲ್ಲ. ಆದರೆ ಆ ಏಳು ವರ್ಷದ ಸುಸ್ತು ಇನ್ನೂ ನನ್ನ ಕಾಲುಗಳಲ್ಲಿದೆ. ಈಗಲೂ ಮೆಟ್ಟಿಲು ಕಂಡರೆ ಮೊದಲು ಎಣಿಸುತ್ತೇನೆ, ಆಮೇಲೆ ಹತ್ತುತ್ತೇನೆ.

ಈಗ ನಾನು ದೊಮ್ಮಲೂರು ಫ್ಲೈಓವರಿನ ಪಕ್ಕದ ಒಂದು ಆಫೀಸಿನಲ್ಲಿದ್ದೇನೆ. ಅಮೆರಿಕದವರಿಗೆ ಅವರ ಮುತ್ತಜ್ಜಂದಿರನ್ನು ಹುಡುಕಿಕೊಡುವುದು ನಮ್ಮ ಕೆಲಸ. ಹಡಗಿನಲ್ಲಿ ಬಂದವರ ಪಟ್ಟಿ, ಅಲ್ಲಿನ ಹಳೆಯ ಜನಗಣತಿ, ಚರ್ಚಿನ ಪುಸ್ತಕಗಳ ಫೋಟೋಗಳು ಪರದೆಯ ಮೇಲೆ ಬರುತ್ತವೆ. ಮಸುಕಾದ ಕೈಬರಹ ಓದಿ ಹೆಸರು, ವಯಸ್ಸು, ಹುಟ್ಟಿದ ದೇಶ ತುಂಬಬೇಕು. ಹನ್ನೊಂದು ವರ್ಷವಾಯಿತು. ನನ್ನ ಸ್ವಂತ ತಾತನ ಅಪ್ಪನ ಹೆಸರು ನನಗೆ ಗೊತ್ತಿಲ್ಲ. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಊರು ಬಿಟ್ಟವರ ಮಕ್ಕಳು ಮರಿಗಳ ಹೆಸರು ಪುಟಗಟ್ಟಲೆ ಗೊತ್ತು.

ಹೋದ ವರ್ಷ ಬಂದ ಫೈಲು ಎಂಬತ್ತನಾಲ್ಕು ವರ್ಷದ ಒಬ್ಬ ಅಜ್ಜಿಯದು. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಮುತ್ತಜ್ಜ ನಾಲ್ವರು ಅಣ್ಣತಮ್ಮಂದಿರಲ್ಲಿ ಒಬ್ಬ. ಹಿರಿಯವನು ಐರ್ಲೆಂಡಿನಲ್ಲೇ ಬ್ರಿಟಿಷರ ಸೈನ್ಯ ಸೇರಿದ. ಉಳಿದ ಮೂವರು ತಾಯಿಯ ಜೊತೆ ಅಮೆರಿಕದ ಹಡಗು ಹತ್ತಿದರು. ಹಿರಿಯವನು ಬೆಂಗಳೂರು ಎಂಬ ಊರಿನಲ್ಲಿದ್ದಾನೆ ಎಂದು ಯಾರೋ ಒಂದು ಸುದ್ದಿ ತಂದರು. ಆಮೇಲೆ ಏನೂ ಇಲ್ಲ. ಅವನಿಂದ ಒಂದು ಕಾಗದ ಬರಲಿಲ್ಲ. ತಾಯಿ ಇಪ್ಪತ್ತು ವರ್ಷ ಕಾದಳು. ಕೊನೆಗೆ "ಅವನಿಗೆ ಕೈ ಇಲ್ಲವೇ?" ಎಂದು ಕೇಳಿ, ಕುಟುಂಬದ ಸಮಾಧಿ ಕಲ್ಲಿನ ಮೇಲೆ ಅವನ ಹೆಸರು ಬರಕೂಡದು ಎಂದು ಹೇಳಿ ಸತ್ತಳು. ಅಂದಿನಿಂದ ಆ ಮನೆಯಲ್ಲಿ ಅವನು ಕೈ ಇಲ್ಲದವನು. ಹಬ್ಬಕ್ಕೆ ಫೋನ್ ಮಾಡದ ಮೊಮ್ಮಕ್ಕಳಿಗೆ ಇವತ್ತಿಗೂ ಅದೇ ಬೈಗುಳವಂತೆ.

ಆ ಕಲ್ಲಿನ ಅಕ್ಷರಗಳು ಸವೆದಿವೆ, ಈ ವರ್ಷ ಮತ್ತೆ ಕೆತ್ತಿಸುತ್ತೇವೆ ಎಂದು ಅಜ್ಜಿ ಬರೆದಿದ್ದರು. ಹಿರಿಯವನು ಯಾಕೆ ಸುಮ್ಮನಾದ ಎಂದು ಗೊತ್ತಾದರೆ ಅವನ ಹೆಸರನ್ನೂ ಸೇರಿಸುವುದು ಅವರ ಆಸೆ. ಅವರ ತಮ್ಮ, ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು, ಒಪ್ಪಲಿಲ್ಲ. ತಾಯಿಯನ್ನು ಮರೆತವನಿಗೆ ಕಲ್ಲು ಯಾಕೆ ಎನ್ನುತ್ತಿದ್ದರಂತೆ. ಹೀಗೆ ಒಂದು ಹೆಸರು ಕಲ್ಲು ಸೇರುವುದೋ ಇಲ್ಲವೋ ಎನ್ನುವುದು ನನ್ನ ಮೇಜಿನ ಮೇಲೆ ಬಂದು ಕೂತಿತು.

ಅಮೆರಿಕದ ಕಡೆಯದು ಎರಡು ವಾರದಲ್ಲಿ ಮುಗಿಯಿತು. ಹಡಗಿನ ಪಟ್ಟಿಯಲ್ಲಿ ತಾಯಿಯೂ ಮೂವರು ಗಂಡುಮಕ್ಕಳೂ ಸಿಕ್ಕರು. ಅವರ ಮನೆತನದ ಹೆಸರಿನ ಮುಂದೆ ಒಂದು ಇಂಗ್ಲಿಷಿನ ಓ, ಅದರ ತಲೆಯ ಹತ್ತಿರ ಒಂದು ಸಣ್ಣ ಗೀಟು, ಆಮೇಲೆ ಉಳಿದ ಹೆಸರು. ಜನಗಣತಿಯ ಹೊತ್ತಿಗೆ ಓ ಇಲ್ಲ. ಆ ಅಕ್ಷರ ಕಂಡರೆ ಐರಿಷ್ ಎಂದು ಗೊತ್ತಾಗಿ ಕೆಲಸ ಸಿಗುತ್ತಿರಲಿಲ್ಲ, ಅದಕ್ಕೇ ಬಿಟ್ಟರು ಎಂದು ಅಜ್ಜಿ ವಿವರಿಸಿದ್ದರು. ಅದೇ ಜನಗಣತಿಯ ಪುಟದಲ್ಲಿ ಓದಲು ಬಾರದು, ಬರೆಯಲು ಬಾರದು ಎಂದು ಎರಡು ಕಾಲಂಗಳಿದ್ದವು. ತಾಯಿಯ ಸಾಲಿನಲ್ಲಿ ಎರಡರಲ್ಲೂ ಗೀಟು. ಅದನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋದೆ. ಆ ಕಾಲಂ ತುಂಬುವುದು ನಮ್ಮ ಕೆಲಸದಲ್ಲಿಲ್ಲ.

ಬೆಂಗಳೂರಿನ ಕಡೆಯದು ಮಾತ್ರ ಹಂದಾಡಲಿಲ್ಲ. ಕ್ಲೋಸ್ ಮಾಡು ಗುರು, ಸಿಗಲ್ಲ ಅಂತ ಬರ್ದು ಕಳಿಸು ಎಂದು ಟೀಮ್ ಲೀಡ್ ಹೇಳಿದ. ಅವನ ತಪ್ಪಲ್ಲ. ಒಂದು ಫೈಲಿಗೆ ಇಷ್ಟೇ ದಿನ ಎಂದಿರುತ್ತದೆ. ಆದರೆ ಸಮುದ್ರದ ಆಚೆ ನೂರೈವತ್ತು ವರ್ಷದ ದಾರಿ ಹುಡುಕಿದ ಮೇಲೆ, ಉಳಿದ ತುಂಡು ನಮ್ಮ ಮನೆಯಿಂದ ಎರಡು ಬಸ್ ಸ್ಟಾಪ್ ದೂರದಲ್ಲಿತ್ತು. ಸಿಗಲ್ಲ ಎಂದು ಬರೆಯಲು ನನ್ನ ಕೈ ಬರಲಿಲ್ಲ.

ಶನಿವಾರಗಳಲ್ಲಿ ದಂಡಿನ ಹಳೆಯ ಚರ್ಚುಗಳಿಗೆ ಹೋದೆ. ಮೂರನೆಯ ಚರ್ಚಿನ ಗುಮಾಸ್ತರು ತಮಿಳಿನವರು, ಕನ್ನಡವನ್ನೂ ಅದೇ ರಾಗದಲ್ಲಿ ಆಡುತ್ತಿದ್ದರು. ಆ ಕಾಲದ ಮದುವೆ ರಿಜಿಸ್ಟರು ಇದೆ, ಮುಟ್ಟಿದರೆ ಪುಡಿಯಾಗುತ್ತದೆ, ಇಂಡೆಕ್ಸ್ ಬೇಕಾದರೆ ನೋಡಿ ಎಂದರು. ಹಿಂದೆಂದೋ ಇಲ್ಲಿಯ ಗುಮಾಸ್ತರೊಬ್ಬರು ಮನೆತನದ ಹೆಸರಿನ ಅಕ್ಷರಾನುಕ್ರಮದಲ್ಲಿ ಟೈಪ್ ಮಾಡಿಟ್ಟ ಪಟ್ಟಿ. ಓ ಅಕ್ಷರಕ್ಕೆ ಒಂದು ಪುಟ ಮೀಸಲಿತ್ತು, ಅದರಲ್ಲಿ ಏನೂ ಇರಲಿಲ್ಲ. ಓ ಬಿಟ್ಟ ಹೆಸರಿನಲ್ಲೂ ಹುಡುಕಿದೆ. ಇಲ್ಲ.

"ಇಂಡೆಕ್ಸಲ್ಲಿ ಇಲ್ಲಾಂದ್ರೆ ಇಲ್ಲಮ್ಮಾ" ಎಂದರು ಗುಮಾಸ್ತರು. "ನೀವು ಇಷ್ಟು ಸಲ ಬರೋದು ನೋಡಿದ್ರೆ, ಆ ಸೋಲ್ಜರ್ ನಿಮ್ಮ ಮನೇಲಿ ಬಾಡಿಗೆ ಬಾಕಿ ಇಟ್ಟು ಓಡಿಹೋದಂಗಿದೆ."

ಮನೆಗೆ ಬಂದು ಮಾವನಿಗೆ ಎಲ್ಲ ಹೇಳಿದೆ, ಇನ್ನೂ ಹುಡುಕುತ್ತೇನೆ ಎಂದೆ. ಮಾವನಿಗೆ ಈಗ ಎಪ್ಪತ್ತೆರಡು, ಅಂಗಡಿ ಮುಚ್ಚಿದ್ದಾರೆ, ಆದರೂ ಅಕ್ಕಪಕ್ಕದ ಮಕ್ಕಳ ಹರಿದ ಪುಸ್ತಕ ಹೊಲಿಯುವುದನ್ನು ಬಿಟ್ಟಿಲ್ಲ. ಆ ರಿಜಿಸ್ಟರು ನಾನೇ ಹೊಲಿದಿದ್ದು, ಹಾಳೆ ಹಪ್ಪಳದ ಹಾಗಿತ್ತು ಎಂದರು. ಆಮೇಲೆ ಅದೇ ಮಾತು: ಆಗೋ ಕೆಲಸ ಅಲ್ಲ ಕಣಮ್ಮಾ.

ಆ ಸಲ ನಾನೂ ಒಪ್ಪಿದೆ. ದಣಿದಿದ್ದೆ. ಬೇರೆಯವರ ಸತ್ತವರನ್ನು ಹುಡುಕಿ ಹುಡುಕಿ ಬರುವ ದಣಿವು ಬೇರೆ ತರಹದ್ದು. ಮಲಗಿ ಎದ್ದರೆ ಹೋಗುವುದಿಲ್ಲ.

ಈ ಹುಡುಕಾಟ ತಿರುವು ಪಡೆದದ್ದು ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ. ಮಾವನ ಪೊರೆ ತೋರಿಸಲು ಹೋಗಿದ್ದೆವು. ಚೀಟಿ ಬರೆಯುವ ಹುಡುಗಿ ನಮ್ಮಿಬ್ಬರ ಕಾರ್ಡು ನೋಡಿ, ಇನಿಷಿಯಲ್ ಒಂದೇ ಇದೆಯಲ್ಲ, ಮಗಳಾ ಎಂದು ಕೇಳಿದಳು. ಅಲ್ಲ, ಅಕ್ಕನ ಮಗಳು ಎಂದರೆ ಅವಳಿಗೆ ಅರ್ಥವಾಗಲಿಲ್ಲ. ಯಾರಿಗೂ ಆಗುವುದಿಲ್ಲ. ಒಂದನೇ ಕ್ಲಾಸಿಗೆ ಸೇರಿಸುವಾಗ ಹೆಡ್‌ಮೇಡಂ ಇನಿಷಿಯಲ್ ಕೇಳಿದರಂತೆ. ಅಪ್ಪನ ಹೆಸರಿನ ಅಕ್ಷರ ಕೊಡಬೇಕಿತ್ತು. ಮಗುವನ್ನು ಯಾರು ಕರೆದುಕೊಂಡು ಬಂದಿದ್ದಾರೋ ಅವರದ್ದು ಕೇಳುತ್ತಿದ್ದಾರೆ ಎಂದುಕೊಂಡು ಮಾವ ತಮ್ಮ ಇನಿಷಿಯಲ್ಲನ್ನೇ ಕೊಟ್ಟರು, ಅದು ಅವರ ಅಪ್ಪನ, ಅಂದರೆ ನನ್ನ ತಾತನ, ಅಕ್ಷರ. ಡಿಗ್ರಿ ಮುಗಿದಾಗ ಅದೇ ಅಕ್ಷರ ಎದುರು ನಿಂತಿತು. ತಂದೆಯ ಹೆಸರಿಗೂ ಇನಿಷಿಯಲ್ಲಿಗೂ ತಾಳೆಯಿಲ್ಲ ಎಂದು ನನ್ನ ಸರ್ಟಿಫಿಕೇಟನ್ನು ಹದಿನಾಲ್ಕು ತಿಂಗಳು ತಡೆದರು. ನೋಟರಿ, ಅಫಿಡವಿಟ್ಟು, ಮತ್ತೆ ನೋಟರಿ. ಅಕ್ಷರ ಬದಲಾಯಿಸಿಕೋ ಎಂದು ಎಲ್ಲರೂ ಹೇಳಿದರು. ನಾನು ಬದಲಾಯಿಸಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿದ್ದು ಅವರೇ.

ಕೌಂಟರಿನ ಮುಂದೆ ಇದನ್ನೆಲ್ಲ ಮತ್ತೊಮ್ಮೆ ಹೇಳುತ್ತಾ ಇದ್ದೆ. ಆಗ ಆ ಖಾಲಿ ಪುಟ ನೆನಪಿಗೆ ಬಂತು. ಐರಿಷ್ ಸೈನಿಕರು ತುಂಬಿದ್ದ ದಂಡು ಇದು. ಅವರ ಹೆಸರುಗಳಲ್ಲಿ ಎಷ್ಟೋ ಓ ಇಂದ ಶುರುವಾಗುತ್ತವೆ. ನನ್ನ ಈ ಒಬ್ಬ ಸೈನಿಕ ಸಿಗದಿರಬಹುದು. ಓ ಪುಟದಲ್ಲಿ ಒಬ್ಬನೂ ಇಲ್ಲದಿರುವುದು ಹೇಗೆ?

ಇಂಡೆಕ್ಸ್ ಮಾಡಿದವರು ನಮ್ಮವರು. ಹೆಸರಿನಲ್ಲಿ ಒಂಟಿ ಅಕ್ಷರ ಕಂಡರೆ ನಮಗೆ ಅದು ಇನಿಷಿಯಲ್. ಓ ಎಂದರೆ ಊರಿರಬೇಕು, ಅದರ ಮುಂದಿನದು ಅಪ್ಪನ ಹೆಸರು, ಮೊದಲು ಬರೆದಿರುವುದು ಇವನ ಸ್ವಂತ ಹೆಸರು ಎಂದುಕೊಂಡು, ಪಾಪ, ಶ್ರದ್ಧೆಯಿಂದ ಎಲ್ಲ ಓ ಗಳನ್ನೂ ಅವರವರ ಸ್ವಂತ ಹೆಸರಿನ ಅಕ್ಷರಕ್ಕೆ ಹಂಚಿಬಿಟ್ಟಿದ್ದಾರೆ. ಹೀಗೆಂದು ನಾನು ಗಟ್ಟಿಯಾಗಿ ಹೇಳಿಕೊಂಡಿರಬೇಕು. ಕೌಂಟರಿನ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ಮುಂದಿನ ಶನಿವಾರ ಆ ಸೈನಿಕನ ಮೊದಲ ಹೆಸರಿನ ಪುಟ ತೆಗೆಸಿದೆ. ಕೆಳಗಿನಿಂದ ನಾಲ್ಕನೆಯ ಸಾಲಿನಲ್ಲಿ ಇದ್ದ. ಹೆಸರು, ಅಪ್ಪನ ಹೆಸರೆಂದು ತಿಳಿದದ್ದು, ಕೊನೆಗೆ ಒಂದು ಓ, ಅದರ ಮುಂದೆ ಅಚ್ಚುಕಟ್ಟಾಗಿ ಒಂದು ಚುಕ್ಕೆ. ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆದರೂ ರಿಜಿಸ್ಟರು ಬಿಚ್ಚಲು ಅವರಿಗೆ ಧೈರ್ಯ ಬರಲಿಲ್ಲ. ಹೊಲಿದವರು ಬಂದು ತೆಗೆದರೆ ತೆಗೆಯಲಿ ಎಂದರು.

ಮಾವನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಅವರು ಕೈ ತೊಳೆದು, ಒರೆಸಿ, ರಿಜಿಸ್ಟರಿನ ಬೆನ್ನಿನ ಮೇಲೆ ಬೆರಳಾಡಿಸಿ, ಈ ಹೊಲಿಗೆ ಇನ್ನೂ ಮೂವತ್ತು ವರ್ಷ ತಡೆಯುತ್ತದೆ ಎಂದು ಗುಮಾಸ್ತರಿಗೆ ಹೇಳಿದರು. ಆಮೇಲೆ ಒಂದೊಂದೇ ಹಾಳೆಯನ್ನು ಅಂಗೈಯ ಮೇಲೆ ಮಲಗಿಸಿಕೊಂಡು ತಿರುವಿದರು. ನಾನು ಪುಟದ ಸಂಖ್ಯೆ ಹೇಳುತ್ತಿದ್ದೆ. ಸಿಕ್ಕಿತು. ವರನ ಹೆಸರು, ಪಲ್ಟಣ, ವಧುವಿನ ಹೆಸರು, ಪಾದ್ರಿಯ ಸಹಿ. ವರನ ಸಹಿ ಇರಬೇಕಾದ ಜಾಗದಲ್ಲಿ ಹೆಸರಿರಲಿಲ್ಲ.

"ಇದೇನಮ್ಮಾ, ಇಂಟು ಮಾರ್ಕು?" ಎಂದು ಮಾವ ಕೇಳಿದರು.

ಪಕ್ಕದಲ್ಲಿ ಬೇರೆಯವರ ಕೈಬರಹದಲ್ಲಿ ಇವನ ಗುರುತು ಎಂದು ಬರೆದಿತ್ತು. ಓದಿ ಹೇಳಿದೆ. ಅವನಿಗೆ ಸಹಿ ಮಾಡಲು ಬರುತ್ತಿರಲಿಲ್ಲ, ಅದಕ್ಕೆ ಆ ಗುರುತು ಹಾಕಿಸಿದ್ದಾರೆ ಎಂದೆ. ಮಾವ ಹಾಳೆಯನ್ನು ಹಿಡಿದುಕೊಂಡೇ ಇದ್ದರು.

"ಕೈ ಇಲ್ಲದೋನು ಅಂತಿದ್ರಲ್ಲ ಅವನ್ನ" ಎಂದರು.

ಬೇರೆಯವರ ಕೈಲಿ ಬರೆಸಬಹುದಿತ್ತಲ್ಲ ಎಂದು ಕೇಳಿದೆ. ಅಮೆರಿಕದ ಅಜ್ಜಿಯ ತಮ್ಮ ಇದನ್ನೇ ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು.

ಮಾವ ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟರು. "ನಿನ್ ಪ್ರೋಗ್ರೆಸ್ ಕಾರ್ಡಿಗೆ ಸೈನ್ ಹಾಕೋಕೆ ನಾನ್ ಯಾವತ್ತಾದ್ರೂ ಬಂದಿದ್ನಾ? ನಿಮ್ಮಮ್ಮನ್ನೇ ಕಳಿಸ್ತಿದ್ದೆ. ಅಂಗಡೀಲಿ ಕೆಲಸ ಅಂತಿದ್ದೆ. ಕೆಲಸ ಎಲ್ಲಿತ್ತು? ಹೆಬ್ಬೆಟ್ಟು ಒತ್ತೋದನ್ನ ನಿಮ್ ಟೀಚರು ನೋಡ್ತಾರಲ್ಲ, ಅದಕ್ಕೆ." ಆಮೇಲೆ ಆ ಗುರುತಿನ ಕಡೆ ಬೆರಳು ತೋರಿಸಿದರು. "ಮೊದಲ್ನೇ ವರ್ಷ ನಾಚಿಕೆಗೆ ಬರ್ಸಿರಲ್ಲ. ಎರಡ್ನೇ ವರ್ಷ, ಇಷ್ಟ್ ದಿನ ಯಾಕ್ ಬರ್ಸಿಲ್ಲ ಅಂತಾರಲ್ಲ ಅಂತ ಬರ್ಸಿರಲ್ಲ. ಆಮೇಲ್ ಮುಗೀತು."

ನಲವತ್ತು ವರ್ಷ ಪುಸ್ತಕಗಳ ಮಧ್ಯೆ ಕೂತ ಮನುಷ್ಯನಿಗೆ ಒಂದಕ್ಷರ ಬರುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಪುಟಗಳ ಕ್ರಮವನ್ನು ಅವರು ಸಂಖ್ಯೆ ನೋಡಿ ಜೋಡಿಸುತ್ತಿದ್ದರು. ಅಂಗಡಿಯ ಬೋರ್ಡು ಓದುತ್ತಿದ್ದರೋ ನೆನಪಿಟ್ಟುಕೊಂಡಿದ್ದರೋ, ನಾನು ಯೋಚಿಸಿರಲಿಲ್ಲ. ಹೆಬ್ಬೆರಳಿನ ಮಸಿಯಂತೂ ಮೈಲುತುತ್ತದ ನೀಲಿಯಲ್ಲಿ ಸೇರಿಹೋಗುತ್ತಿತ್ತು. ಸುಮ್ಮನೆ ನೋಡಿದ್ದೆ, ಆ ಜನಗಣತಿಯ ಕಾಲಂ ನೋಡಿದ ಹಾಗೆ.

ಆ ಕಾಲಂ ಆಗಲೇ ನೆನಪಾಯಿತು. ಬರೆಯಲು ಬಾರದ ಮಗ ಬರೆಯಲಿಲ್ಲ ಎಂದು ಕೊರಗಿದವಳು ಓದಲು ಬಾರದ ತಾಯಿ. ಅವನು ಬರೆಸಿದ್ದರೂ ಅವಳು ಓದಿಸಬೇಕಿತ್ತು. ವರದಿಯಲ್ಲಿ ಅಷ್ಟನ್ನೇ ಬರೆದೆ. ಬರೆದಿಟ್ಟ ಕಾರಣ ಎಲ್ಲಿಯೂ ಸಿಗಲಿಲ್ಲ, ಸಿಕ್ಕಿದ್ದು ಮಗನ ಇಂಟು, ತಾಯಿಯ ಸಾಲಿನ ಗೀಟು, ಈ ಎರಡು ಗುರುತು ಮಾತ್ರ ಎಂದು ಸ್ಪಷ್ಟವಾಗಿ ಹೇಳಿದೆ. ಮಾವ ಹೇಳಿದ್ದನ್ನೂ ಸೇರಿಸಿದೆ, ಮಾವನ ಒಪ್ಪಿಗೆ ಕೇಳಿಯೇ. ಟೀಮ್ ಲೀಡ್ ಅದನ್ನು ತೆಗಿ ಎಂದ. ನಾನು ತೆಗೆಯಲಿಲ್ಲ.

ಅಜ್ಜಿ ತಮ್ಮನನ್ನು ಬೆಂಗಳೂರಿಗೆ ಕಳಿಸಿದರು. ನೀನೇ ಹೋಗಿ ಕಣ್ಣಾರೆ ನೋಡಿಕೊಂಡು ಬಾ ಎಂದರಂತೆ. ಎತ್ತರದ ಮನುಷ್ಯ, ಮೊಣಕಾಲು ನೋವು, ಚರ್ಚಿನ ಕಚೇರಿಯ ಬೆಂಚಿನ ಮೇಲೆ ನಮ್ಮ ಮಾವನ ಪಕ್ಕದಲ್ಲೇ ಕೂತರು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು. ಇಬ್ಬರೂ ತಮ್ಮ ತಮ್ಮ ಮೊಣಕಾಲು ತೋರಿಸಿಕೊಂಡು ತಲೆಯಾಡಿಸಿದರು. ಗುಮಾಸ್ತರು ರಿಜಿಸ್ಟರಿನಿಂದ ಇಳಿಸಿ ಟೈಪ್ ಮಾಡಿದ್ದ ಮದುವೆಯ ಪ್ರಮಾಣಪತ್ರಕ್ಕೆ ಪಾದ್ರಿಗಳು ಸಹಿ ಮಾಡಿ ಮೊಹರು ಒತ್ತಿದರು. ವರನ ಇಂಟು ಗುರುತನ್ನು ಮಾತ್ರ ಗುಮಾಸ್ತರು ಟೈಪ್ ಮಾಡಿರಲಿಲ್ಲ. ಮೂಲದಲ್ಲಿ ಇದ್ದ ಹಾಗೆಯೇ ಪೆನ್ನಿನಿಂದ ಹಾಕಿದ್ದರು, ಒಂದು ಕಾಲು ಉದ್ದ, ಒಂದು ಗಿಡ್ಡ.

ಮೊದಲು ರಿಜಿಸ್ಟರು ತೋರಿಸಿದೆವು. ಆ ಮನುಷ್ಯ ನಾನು ನಿರೀಕ್ಷಿಸಿದ್ದನ್ನೇ ಕೇಳಿದರು: ಬೇರೆಯವರ ಕೈಲಿ ಬರೆಸಬಹುದಿತ್ತಲ್ಲ? ನಾನು ಜನಗಣತಿಯ ಪುಟ ತೆಗೆದು ತಾಯಿಯ ಸಾಲಿನ ಮೇಲೆ ಬೆರಳಿಟ್ಟೆ. ಆಮೇಲೆ ಮಾವನ ಕಡೆ ನೋಡಿದೆ. ವರದಿಯಲ್ಲಿರುವ ಮಾವ ಇವರೇ ಎಂದೆ. ಆ ಮನುಷ್ಯ ಮಾವನ ಕಡೆ ತಿರುಗಿ ನೋಡಿದರು. ನಂತರ ಅಕ್ಕನಿಗೆ ಫೋನ್ ಮಾಡಿದರು. ಇಲ್ಲಿ ಬೆಳಗ್ಗೆ ಹತ್ತೂವರೆ, ಅಲ್ಲಿ ರಾತ್ರಿ. ಆ ಕಡೆಯಿಂದ ಅಜ್ಜಿಯ ಧ್ವನಿ ತೆಳುವಾಗಿ ಕೇಳುತ್ತಿತ್ತು. ಗುರುತು ಹೇಗಿದೆ ಎಂದು ಕೇಳಿದರು. ಒತ್ತಿ ಬರೆದಿದ್ದಾನೆ, ಮಸಿ ಹಿಂದಿನ ಹಾಳೆಗೂ ಇಳಿದಿದೆ ಎಂದು ತಮ್ಮ ಹೇಳಿದರು. ಹಾಗಾದರೆ ಕಲ್ಲಿನವನಿಗೆ ನಾಳೆ ಹೇಳುತ್ತೇನೆ, ಎಲ್ಲರಿಗಿಂತ ಮೇಲೆ, ಹಿರಿಯವನಲ್ಲವೇ, ಎಂದರು ಅಜ್ಜಿ. ತಮ್ಮ ಆಗಲಿ ಎಂದರು.

ಫೋನ್ ಇಟ್ಟ ಮೇಲೆ ನಾನು ಇಂಡೆಕ್ಸಿನ ಕಥೆ ಹೇಳಿದೆ. ಅವರಿಗೆ ನಗು ಬಂತು. ಓ ಎಂದರೆ ಊರಲ್ಲ, ನಮ್ಮ ಹಳೆಯ ಭಾಷೆಯಲ್ಲಿ ಮೊಮ್ಮಗ ಎಂದರ್ಥ, ಇಂಥವರ ಮೊಮ್ಮಗ, ಇಂಥವರ ವಂಶದವನು ಎಂದು ವಿವರಿಸಿದರು. ಅಮೆರಿಕದಲ್ಲಿ ನಾವೆಲ್ಲ ಅದನ್ನು ಬಿಟ್ಟೆವು, ಕಲ್ಲಿನ ಮೇಲೂ ಇಲ್ಲ, ಇಟ್ಟುಕೊಂಡು ಉಳಿದವನು ಇವನೊಬ್ಬನೇ ಎಂದರು. ಮಾವನಿಗೆ ಕನ್ನಡದಲ್ಲಿ ಹೇಳಿದೆ.

"ಹಂಗಾದ್ರೆ ತಾತನ್ ಇನಿಷಿಯಲ್ಲು ಅದು" ಎಂದರು ಮಾವ. "ಇಂಡೆಕ್ಸ್ ಮಾಡ್ದೋನು ಏನ್ ತಪ್ಪು ಮಾಡಿದ್ದಾನೆ?"

ಪ್ರಮಾಣಪತ್ರಕ್ಕೆ ಮಾವ ಹಿಂದಿನ ದಿನವೇ ರಟ್ಟು ಕತ್ತರಿಸಿ, ಹಸಿರು ಕ್ಯಾಲಿಕೋ ಬಟ್ಟೆ ಅಂಟಿಸಿ, ಒಂದು ಮಡಿಕೆ ಕವರು ಮಾಡಿದ್ದರು. ನನ್ನ ಡಿಗ್ರಿ ಸರ್ಟಿಫಿಕೇಟಿಗೂ ಅಂಥದ್ದೇ ಮಾಡಿಕೊಟ್ಟಿದ್ದರು, ಅದೇ ಹಸಿರು. ಕಾಗದವನ್ನು ಅದರೊಳಗೆ ಇಟ್ಟು, ಮೂಲೆ ಸರಿಮಾಡಿ, ಎದ್ದು ನಿಂತು, ಎರಡು ಕೈಯಲ್ಲಿ ಆ ಮನುಷ್ಯನಿಗೆ ಕೊಟ್ಟರು. ಅವರೂ ಕಷ್ಟಪಟ್ಟು ಎದ್ದು ನಿಂತು ಎರಡು ಕೈಯಲ್ಲಿ ತೆಗೆದುಕೊಂಡರು.

ಮಾವ ನನ್ನ ಕಡೆ ತಿರುಗಿದರು.

"ಕಲ್ಲಲ್ಲಿ ಕೆತ್ತುವಾಗ ಇನಿಷಿಯಲ್ ಬಿಡಬೇಡಿ ಅಂತ ಹೇಳಮ್ಮಾ."